ಸಾದಾ ಉಡುಪಿನ ಪೊಲೀಸರು ಮತ್ತು ರಸ್ತೆಯ ಕಾನೂನು

ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ನೀವು ಮೋಟಾರ್ ಸೈಕಲ್ ಮೇಲೆ ಹೊರಟಿದ್ದೀರಿ ಎಂದು ಭಾವಿಸಿ. ಊರು ದಾಟುತ್ತಿದ್ದಂತೆ ಅಂಗಿ, ಪ್ಯಾಂಟು ತೊಟ್ಟ ಒಬ್ಬರು ರಸ್ತೆಯ ಬದಿಯಿಂದ ಮುಂದೆ ಬಂದು ಕೈ ಅಡ್ಡ ಹಿಡಿಯುತ್ತಾರೆ. "ಗಾಡಿ ನಿಲ್ಲಸು, ಲೈಸೆನ್ಸ್ ತೋರಸು" ಎನ್ನುತ್ತಾರೆ. ಮೈಮೇಲೆ ಖಾಕಿ ಇಲ್ಲ, ಎದೆಯ ಮೇಲೆ ಹೆಸರಿನ ಪಟ್ಟಿ ಇಲ್ಲ. ಅವರು ನಿಜವಾಗಿ ಪೊಲೀಸರೇ ಇರಬಹುದು, ಇಲ್ಲದೆಯೂ ಇರಬಹುದು. ನೀವು ಲೈಸೆನ್ಸ್ ಕೊಡಬೇಕೆ? ದಂಡ ಕೇಳಿದರೆ ಕಟ್ಟಬೇಕೆ?

ಇದು ಕೇವಲ ಧೈರ್ಯದ ಅಥವಾ ಸೌಜನ್ಯದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ಸಂಚಾರ ನಿಯಮಗಳ ಪಾಲನೆಗೆ ಸಾದಾ ಉಡುಪಿನ ಪೊಲೀಸರನ್ನು ಬಳಸುವುದು ಸರಿಯೇ ಎಂಬ ಚರ್ಚೆ ಅನೇಕ ದೇಶಗಳಲ್ಲಿ ನಡೆದಿದೆ. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರಸ್ತೆಗಳಲ್ಲಿ ಓಡಾಡುವ ವಿದ್ಯಾರ್ಥಿಗಳಿಗೂ ಇದರ ತಿಳಿವಳಿಕೆ ಬೇಕು. ಸಾದಾ ಉಡುಪಿನವರು ಏನನ್ನು ಮಾಡಬಲ್ಲರು, ಏನನ್ನು ಮಾಡಲಾರರು, ಆ ಗೆರೆಯನ್ನು ಕಾನೂನು ಎಲ್ಲಿ ಎಳೆದಿದೆ ಎಂಬುದನ್ನು ನೋಡೋಣ.

ಸಮವಸ್ತ್ರ ಬಂದ ಕಾರಣ

ಸಾದಾ ಉಡುಪಿನಲ್ಲಿರುವ ಪೊಲೀಸರನ್ನು ನಾವು ಆಡುಮಾತಿನಲ್ಲಿ "ಮಫ್ತಿ ಪೊಲೀಸರು" ಎನ್ನುತ್ತೇವೆ. ಮಫ್ತಿ ಅಥವಾ ಮುಫ್ತಿ ಅರಬ್ಬಿ ಮೂಲದ ಪದ. ಧರ್ಮಶಾಸ್ತ್ರ ಬಲ್ಲ ಪಂಡಿತ ಎಂಬುದು ಅದರ ಮೂಲ ಅರ್ಥ. 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿಗಳು ಕರ್ತವ್ಯದಲ್ಲಿ ಇಲ್ಲದಾಗ ಧರಿಸುವ ಮನೆಯ ಉಡುಪಿಗೆ ಈ ಪದವನ್ನು ಬಳಸತೊಡಗಿದರು. ಹಾಗೆ ಅದು ನಮ್ಮ ಪೊಲೀಸ್ ಠಾಣೆಗಳಿಗೂ, ಪತ್ರಿಕೆಗಳಿಗೂ ಬಂತು.

ಸಮವಸ್ತ್ರದ ಕಥೆಯೂ ಸ್ವಾರಸ್ಯವಾಗಿದೆ. 1829ರಲ್ಲಿ ಲಂಡನ್ನಿನಲ್ಲಿ ಹೊಸ ಪೊಲೀಸ್ ಪಡೆ ಸ್ಥಾಪನೆಯಾದಾಗ ಜನರಲ್ಲಿ ಎರಡು ಭಯಗಳಿದ್ದವು. ಒಂದು, ಇದು ಸೈನ್ಯದಂತೆ ನಮ್ಮ ಮೇಲೆ ಎರಗಬಹುದು ಎಂಬುದು. ಇನ್ನೊಂದು, ಇವರು ಗೂಢಚಾರರಂತೆ ನಮ್ಮ ನಡುವೆ ಸೇರಿಕೊಳ್ಳಬಹುದು ಎಂಬುದು. ಸೈನಿಕರ ಕೆಂಪು ಬಣ್ಣವನ್ನು ಬಿಟ್ಟು ನೀಲಿ ಬಣ್ಣವನ್ನು ಆರಿಸಿಕೊಂಡದ್ದು ಮೊದಲನೆಯ ಭಯಕ್ಕೆ ಉತ್ತರ. ಎಲ್ಲರಿಗೂ ದೂರದಿಂದಲೇ ಗುರುತು ಸಿಗುವಂತೆ ಸಮವಸ್ತ್ರ ತೊಡಿಸಿದ್ದು ಎರಡನೆಯ ಭಯಕ್ಕೆ ಉತ್ತರ. 1833ರಲ್ಲಿ ಪೋಪೇ ಎಂಬ ಸಾರ್ಜೆಂಟ್ ಸಾದಾ ಉಡುಪಿನಲ್ಲಿ ಕಾರ್ಮಿಕರ ಸಂಘಟನೆಯೊಂದರೊಳಗೆ ಸೇರಿಕೊಂಡದ್ದು ಬೆಳಕಿಗೆ ಬಂದಾಗ ಪಾರ್ಲಿಮೆಂಟಿನ ಸಮಿತಿಯೇ ವಿಚಾರಣೆ ನಡೆಸಿ ಅದನ್ನು ಖಂಡಿಸಿತು. ಅಪರಾಧ ಪತ್ತೆಗಾಗಿ ಸಾದಾ ಉಡುಪಿನ ಪತ್ತೇದಾರರ ಸಣ್ಣ ತಂಡವನ್ನು ಅಲ್ಲಿ ರಚಿಸಿದ್ದು 1842ರಲ್ಲಿ.

ಆದ್ದರಿಂದ ಸಮವಸ್ತ್ರವೆಂದರೆ ಬರೀ ಶಿಸ್ತಿನ ಅಥವಾ ಗತ್ತಿನ ಗುರುತಲ್ಲ. "ನಾನು ಯಾರು ಎಂಬುದು ನಿನಗೆ ಗೊತ್ತಾಗಲಿ, ನಾನು ತಪ್ಪು ಮಾಡಿದರೆ ನೀನು ದೂರು ಕೊಡಲು ಸಾಧ್ಯವಾಗಲಿ" ಎಂದು ಸರ್ಕಾರವು ನಾಗರಿಕನಿಗೆ ಕೊಟ್ಟ ಮಾತು ಅದು. ನಮ್ಮ ಸುಪ್ರೀಂ ಕೋರ್ಟ್ ಕೂಡ 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಿ, ಬಂಧಿಸುವ ಪೊಲೀಸರು ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವ ಪಟ್ಟಿಯನ್ನು ಧರಿಸಿರಬೇಕು ಎಂದು ಹೇಳಿತು. ಗುರುತು ಸ್ಪಷ್ಟವಾಗಿ ಕಾಣಬೇಕೆಂಬ ಈ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ.

ಮೋಟಾರು ವಾಹನ ಕಾಯಿದೆಯ ಮಾತು

ನಮ್ಮ ದೇಶದ ರಸ್ತೆಗಳಿಗೆ ಅನ್ವಯಿಸುವುದು 1988ರ ಮೋಟಾರು ವಾಹನ ಕಾಯಿದೆ. ಅದು 1989ರ ಜುಲೈ 1ರಂದು ಜಾರಿಗೆ ಬಂತು. ಈ ಕಾಯಿದೆಯನ್ನು ಓದುತ್ತ ಹೋದರೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಕೆಲವು ಕಡೆ "ಪೊಲೀಸ್ ಅಧಿಕಾರಿ" ಎಂದಷ್ಟೇ ಇದೆ. ಇನ್ನು ಕೆಲವು ಕಡೆ "ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ" ಎಂದು ಬೇಕೆಂದೇ ಸೇರಿಸಲಾಗಿದೆ.

130ನೆಯ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ವಾಹನ ನಡೆಸುವವನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ತನ್ನ ಚಾಲನಾ ಪರವಾನಗಿಯನ್ನು ಪರಿಶೀಲನೆಗೆ ತೋರಿಸಬೇಕು. 203ನೆಯ ಕಲಮಿನ ಪ್ರಕಾರ, ಕುಡಿದು ಓಡಿಸುತ್ತಿರುವ ಅನುಮಾನ ಬಂದರೆ ಉಸಿರಿನ ಪರೀಕ್ಷೆ ಮಾಡುವವರು ಸಮವಸ್ತ್ರದ ಪೊಲೀಸ್ ಅಧಿಕಾರಿಯಾಗಿರಬೇಕು, ಇಲ್ಲವೆ ಮೋಟಾರು ವಾಹನ ಇಲಾಖೆಯ ಅಧಿಕೃತ ಅಧಿಕಾರಿಯಾಗಿರಬೇಕು. 202ನೆಯ ಕಲಮಿನ ಪ್ರಕಾರ, ಅಪಾಯಕಾರಿಯಾಗಿ ಅಥವಾ ಕುಡಿದು ವಾಹನ ನಡೆಸುವವನನ್ನು, ಇತರರ ವಾಹನವನ್ನು ಅಪ್ಪಣೆಯಿಲ್ಲದೆ ಒಯ್ಯುವವನನ್ನು ವಾರಂಟ್ ಇಲ್ಲದೆ ಸ್ಥಳದಲ್ಲೇ ಬಂಧಿಸುವ ಅಧಿಕಾರ ಇರುವುದೂ ಸಮವಸ್ತ್ರದಲ್ಲಿರುವ ಅಧಿಕಾರಿಗೇ.

ಆದರೆ 119ನೆಯ ಕಲಮನ್ನು ನೋಡಿ. ಸಾರ್ವಜನಿಕ ಸ್ಥಳದಲ್ಲಿ ಸಂಚಾರವನ್ನು ನಿಯಂತ್ರಿಸುತ್ತಿರುವ ಪೊಲೀಸ್ ಅಧಿಕಾರಿಯ ಸೂಚನೆಗಳನ್ನು ಚಾಲಕ ಪಾಲಿಸಬೇಕು ಎಂದು ಅದು ಹೇಳುತ್ತದೆ. ಅಲ್ಲಿ ಸಮವಸ್ತ್ರ ಎಂಬ ಮಾತಿಲ್ಲ. ಇದರಲ್ಲಿಯೂ ವಿವೇಕವಿದೆ. ರಜೆಯಲ್ಲಿರುವ ಪೇದೆಯೊಬ್ಬರು ರಸ್ತೆಯಲ್ಲಿ ಅಪಘಾತ ಕಂಡು, ಗಾಯಾಳುವಿನ ಸುತ್ತ ವಾಹನಗಳು ಬಾರದಂತೆ ಕೈ ತೋರಿಸಿ ತಡೆಯುತ್ತಿದ್ದಾರೆ ಎನ್ನಿ. "ನಿಮ್ಮ ಖಾಕಿ ಎಲ್ಲಿ?" ಎಂದು ಕೇಳುತ್ತ ಮುಂದೆ ನುಗ್ಗುವುದು ಕಾನೂನೂ ಅಲ್ಲ, ಮನುಷ್ಯತ್ವವೂ ಅಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಗೆರೆ ಸ್ಪಷ್ಟವಾಗುತ್ತದೆ. ರಸ್ತೆಯಲ್ಲಿ ನಡೆಯುವುದನ್ನು ನೋಡಲು ಸಮವಸ್ತ್ರ ಬೇಕಿಲ್ಲ. ಆದರೆ ಹಾದಿಯಲ್ಲಿ ನಿಮ್ಮನ್ನು ನಿಲ್ಲಿಸಿ ಲೈಸೆನ್ಸ್ ಕೇಳಲು, ಉಸಿರು ಪರೀಕ್ಷಿಸಲು, ಕೈ ಹಿಡಿಯಲು ಸಮವಸ್ತ್ರ ಬೇಕು. ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯಿದೆಯೂ ಇದೇ ದಾರಿ ಹಿಡಿದಿದೆ. ಅಲ್ಲಿ ಪೊಲೀಸ್ ಗುರುತಿಲ್ಲದ ಕಾರುಗಳು ಓಡಾಡುತ್ತವೆ. ಆದರೆ ಆ ಕಾಯಿದೆಯಂತೆ ವಾಹನ ನಿಲ್ಲಿಸಲು ಆಜ್ಞೆ ಮಾಡುವ ಪೇದೆ ಸಮವಸ್ತ್ರದಲ್ಲಿರಬೇಕು.

ಕಾಣದ ಕಣ್ಣು ಏಕೆ ಬೇಕು?

ಹಾಗಾದರೆ ಸಾದಾ ಉಡುಪಿನವರಿಗೆ ಸಂಚಾರದ ಕೆಲಸವೇಕೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ನಡತೆಯಲ್ಲಿಯೇ ಇದೆ.

ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡು, ಇಲ್ಲವೆ ಮೊಣಕೈಗೆ ಸಿಕ್ಕಿಸಿಕೊಂಡು ಹೋಗುವ ಸವಾರರನ್ನು ನೀವು ನೋಡಿಯೇ ಇರುತ್ತೀರಿ. ಪೊಲೀಸರು ನಿಂತಿರುವ ಜಾಗ ಹತ್ತಿರ ಬಂದಾಗ ಅದು ತಲೆಗೆ ಏರುತ್ತದೆ, ಜಾಗ ದಾಟಿದ ಮೇಲೆ ಇಳಿಯುತ್ತದೆ. ಎದುರಿನಿಂದ ಬರುವವರು ದೀಪ ಮಿನುಗಿಸಿ "ಮುಂದೆ ಚೆಕಿಂಗ್ ಇದೆ" ಎಂದು ಎಚ್ಚರಿಸುತ್ತಾರೆ. ಇದನ್ನು ಕೆಲವರು ಪರೋಪಕಾರ ಎಂದೇ ತಿಳಿದಿದ್ದಾರೆ. ಹೀಗಾಗಿ ಖಾಕಿ ಕಾಣುವ ನೂರು ಮೀಟರಿನಲ್ಲಿ ಎಲ್ಲರೂ ಸಭ್ಯರು. ಉಳಿದ ಇಪ್ಪತ್ತು ಕಿಲೋಮೀಟರಿನಲ್ಲಿ ಏನು ನಡೆಯುತ್ತದೆ ಎಂಬುದು ಸಮವಸ್ತ್ರದ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ನಾಲ್ಕು ತಾಲೂಕುಗಳ ರಸ್ತೆಗಳನ್ನು ನೆನಪಿಸಿಕೊಳ್ಳಿ. ಕಿತ್ತೂರು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಅಲ್ಲಿ ವೇಗದ ಲಾರಿ, ಬಸ್ಸು, ಕಾರುಗಳ ನಡುವೆ ಹಳ್ಳಿಯ ಸೈಕಲ್ಲೂ ಚಕ್ಕಡಿಯೂ ದಾಟಬೇಕು. ಕಬ್ಬು ಕಡಿಯುವ ಕಾಲ ಬಂತೆಂದರೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಗುತ್ತವೆ. ಅವುಗಳ ಹಿಂದೆ ಕೆಂಪು ದೀಪವಾಗಲಿ, ಬೆಳಕು ಮರಳಿಸುವ ಪಟ್ಟಿಯಾಗಲಿ ಇಲ್ಲದಿದ್ದರೆ ರಾತ್ರಿ ಹಿಂದಿನಿಂದ ಬರುವ ಸವಾರನಿಗೆ ಅದು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಾಂತರ ಭಕ್ತರು ಬರುತ್ತಾರೆ. ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಬರುತ್ತಾರೆ. ಬಸ್ಸು ಸಿಗದವರು ಸರಕಿನ ವಾಹನ ಏರುತ್ತಾರೆ.

ಇದರ ಬೆಲೆ ಎಷ್ಟೆಂಬುದು ನಮಗೆ ಗೊತ್ತಿದೆ. 2023ರ ಜನವರಿಯಲ್ಲಿ, ಬನದ ಹುಣ್ಣಿಮೆಯ ಹೊತ್ತಿಗೆ, ಯಲ್ಲಮ್ಮನ ದರ್ಶನಕ್ಕೆ ಹೊರಟಿದ್ದ ಭಕ್ತರನ್ನು ಹೊತ್ತ ಸರಕು ವಾಹನವೊಂದು ರಾಮದುರ್ಗ ತಾಲೂಕಿನ ಚುಂಚನೂರ ಬಳಿ ಮರಕ್ಕೆ ಅಪ್ಪಳಿಸಿತು. 6 ಮಂದಿ ಪ್ರಾಣ ಕಳೆದುಕೊಂಡರು. ಸರಕಿನ ವಾಹನದಲ್ಲಿ ಜನರನ್ನು ತುಂಬುವುದು ನಿಯಮಕ್ಕೆ ವಿರುದ್ಧ ಎಂಬುದು ಎಲ್ಲರಿಗೂ ತಿಳಿದ ವಿಷಯ. ಆದರೂ ನಡೆಯುತ್ತದೆ, ಏಕೆಂದರೆ ನೋಡುವವರಿಲ್ಲ ಎಂಬ ಧೈರ್ಯ.

ಸಾದಾ ಉಡುಪಿನವರ ಉಪಯೋಗ ಇರುವುದು ಇಲ್ಲಿಯೇ. ವೇಗವಾಗಿ ನುಗ್ಗುವ, ಅಡ್ಡಾದಿಡ್ಡಿ ಓಡಿಸುವ, ಮಂದಿಯನ್ನು ತುಂಬಿಕೊಂಡ ವಾಹನದ ಸಂಖ್ಯೆಯನ್ನು ಒಬ್ಬರು ದೂರದಿಂದ ಗುರುತು ಹಾಕಿಕೊಂಡು ಮುಂದೆ ಸಮವಸ್ತ್ರದಲ್ಲಿ ನಿಂತವರಿಗೆ ತಿಳಿಸಬಹುದು. ತಡೆಯುವ ಕೆಲಸವನ್ನು ಅವರು ಮಾಡುತ್ತಾರೆ. ಇಲ್ಲವೆ ಸಂಖ್ಯೆಯ ಆಧಾರದ ಮೇಲೆ ವಾಹನದ ಒಡೆಯನಿಗೆ ನೋಟಿಸ್ ಹೋಗಬಹುದು. ಕಾಯಿದೆಯ 133ನೆಯ ಕಲಮಿನಂತೆ, ಅಧಿಕೃತ ಪೊಲೀಸ್ ಅಧಿಕಾರಿ ಕೇಳಿದಾಗ, ಆ ಹೊತ್ತಿನಲ್ಲಿ ವಾಹನ ನಡೆಸುತ್ತಿದ್ದವರು ಯಾರು ಎಂಬ ವಿವರವನ್ನು ಒಡೆಯ ಕೊಡಬೇಕಾಗುತ್ತದೆ.

ಇಲ್ಲಿ ಒಂದು ತೊಡಕೂ ಇದೆ. ಹಳ್ಳಿಗಳಲ್ಲಿ ಒಂದೇ ಬೈಕನ್ನು ಮನೆಮಂದಿಯೆಲ್ಲ ಓಡಿಸುತ್ತಾರೆ. ಬರೀ ಕಾಗದದ ಮೇಲೆ ಬರೆದುಕೊಟ್ಟು ಗಾಡಿ ಮಾರಿ, ನೋಂದಣಿಯನ್ನು ಹೊಸಬರ ಹೆಸರಿಗೆ ಬದಲಿಸದೆ ಬಿಡುವವರೂ ಉಂಟು. "ಕೆಎ 24" ಎಂದು ಆರಂಭವಾಗುವ ಬೈಲಹೊಂಗಲ ನೋಂದಣಿಯ ಗಾಡಿ ಇಂದು ಯಾರ ಕೈಯಲ್ಲಿದೆಯೋ, ನೋಟಿಸು ಮಾತ್ರ ಹಳೆಯ ಒಡೆಯನ ಮನೆ ಬಾಗಿಲಿಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಗಾಡಿ ಮಾರಿದ್ದರೆ ನೋಂದಣಿ ಬದಲಾಗಿದೆಯೇ ಎಂದು ಹಿರಿಯರನ್ನು ಕೇಳಿ ನೋಡಿ.

ಗೆರೆ ದಾಟಿದರೆ ಆಗುವ ಅಪಾಯ

ನೋಡುವ ಕಣ್ಣೇ ತಡೆಯುವ ಕೈಯೂ ಆದಾಗ ಮೂರು ಬಗೆಯ ಅಪಾಯಗಳು ಹುಟ್ಟುತ್ತವೆ.

ಮೊದಲನೆಯದು ರಸ್ತೆಯ ಅಪಾಯ. ಅಪರಿಚಿತನೊಬ್ಬ ಥಟ್ಟನೆ ಅಡ್ಡ ಬಂದರೆ ಸವಾರನು ಗಾಬರಿಯಿಂದ ಬ್ರೇಕ್ ಹಾಕುತ್ತಾನೆ, ಇಲ್ಲವೆ ದರೋಡೆಕೋರನೆಂದು ಹೆದರಿ ವೇಗ ಹೆಚ್ಚಿಸುತ್ತಾನೆ. ಸಮವಸ್ತ್ರ ಇದ್ದಾಗಲೂ ಹಠಾತ್ತಾಗಿ ತಡೆಯುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ನಮ್ಮ ರಾಜ್ಯದ ಇನ್ನೊಂದು ಭಾಗದ ಘಟನೆ ಸಾಕ್ಷಿ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ ಪುಟ್ಟ ಮಗುವನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ತಡೆದ ಸಂದರ್ಭದಲ್ಲಿ ಬೈಕು ಉರುಳಿ ಮಗು ಅಸುನೀಗಿತು. ಮೂವರು ಸಹಾಯಕ ಸಬ್ ಇನ್‌ಸ್ಪೆಕ್ಟರುಗಳನ್ನು ಅಮಾನತು ಮಾಡಲಾಯಿತು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನ ತಡೆಯಬಾರದು, ಥಟ್ಟನೆ ಅಡ್ಡ ಬರಬಾರದು, ಕೀಲಿಕೈ ಕಿತ್ತುಕೊಳ್ಳಬಾರದು ಎಂಬ ಸೂಚನೆಗಳು ಆ ಬಳಿಕ ರಾಜ್ಯದ ಪೊಲೀಸರಿಗೆ ಹೋದವು. ಬರೀ ದಾಖಲೆ ಪರಿಶೀಲನೆಗಾಗಿ ವಾಹನ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಅಪವಾದ ಎಂದು ಅಂದಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು 2022ರ ಜೂನ್‌ನಲ್ಲಿಯೇ ಹೇಳಿದ್ದರು.

ಎರಡನೆಯದು ವಂಚನೆಯ ಅಪಾಯ. "ನಾವು ಪೊಲೀಸರು, ಮುಂದೆ ಕಳ್ಳರ ಕಾಟ ಇದೆ, ಬಂಗಾರ ಬಿಚ್ಚಿ ಚೀಲದಲ್ಲಿ ಇಡಿ" ಎಂದು ವಯಸ್ಸಾದವರನ್ನು ನಂಬಿಸಿ ಒಡವೆ ಎಗರಿಸುವ ಮೋಸ ಕರ್ನಾಟಕದ ಊರೂರುಗಳಲ್ಲಿ ನಡೆದಿದೆ. ಚಿಕ್ಕ ಊರಿನಲ್ಲಿ ಠಾಣೆಯ ಪೇದೆ ಯಾರೆಂಬುದು ಊರವರಿಗೆ ಮುಖ ಪರಿಚಯದಿಂದಲೇ ಗೊತ್ತಿರುತ್ತದೆ. ಆದರೆ ಜಾತ್ರೆಗೆ ಬಂದ ಪರಸ್ಥಳದ ಮುದುಕಿಗೆ ಗೊತ್ತಾಗುವುದು ಹೇಗೆ? ಸಾದಾ ಉಡುಪಿನವರು ಲೈಸೆನ್ಸ್ ಕೇಳುವುದು, ದಂಡ ವಸೂಲು ಮಾಡುವುದು ರೂಢಿಯಾಗಿಬಿಟ್ಟರೆ ನಕಲಿ ಪೊಲೀಸನಿಗೆ ಅದಕ್ಕಿಂತ ಸುಲಭದ ದಾರಿ ಬೇರೆ ಬೇಕಿಲ್ಲ. ಸರ್ಕಾರಿ ನೌಕರನೆಂದು ಸುಳ್ಳು ವೇಷ ಹಾಕಿ ಅಧಿಕಾರ ಚಲಾಯಿಸುವವನಿಗೆ ಭಾರತೀಯ ನ್ಯಾಯ ಸಂಹಿತೆಯ 204ನೆಯ ಕಲಮಿನಂತೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಸೆರೆವಾಸ ಮತ್ತು ದಂಡವಿದೆ.

ಮೂರನೆಯದು ನಂಬಿಕೆಗೆ ಬೀಳುವ ಪೆಟ್ಟು. ಹೆಸರಿನ ಪಟ್ಟಿ ಇಲ್ಲದವರು, ರಸೀದಿ ಕೊಡದವರು ದುಡ್ಡು ಕೇಳಿದರೆ, ಅದು ದಂಡವೋ ಲಂಚವೋ ಎಂದು ನಾಗರಿಕನಿಗೆ ತಿಳಿಯುವುದಿಲ್ಲ. ಪ್ರಾಮಾಣಿಕ ಪೊಲೀಸರೂ ಈ ಅನುಮಾನಕ್ಕೆ ಬಲಿಯಾಗುತ್ತಾರೆ. ಆದ್ದರಿಂದ ಸಮವಸ್ತ್ರವು ನಾಗರಿಕನನ್ನು ಕಾಯುವಷ್ಟೇ ಪೊಲೀಸನನ್ನೂ ಕಾಯುತ್ತದೆ.

ಕ್ಯಾಮರಾ ಎಂಬ ಹೊಸ ಮಫ್ತಿ

ಕಾಣದ ಕಣ್ಣಿನ ಕೆಲಸವನ್ನು ಈಗ ಬಹುಮಟ್ಟಿಗೆ ಯಂತ್ರಗಳು ವಹಿಸಿಕೊಳ್ಳುತ್ತಿವೆ. 2019ರ ತಿದ್ದುಪಡಿಯಿಂದ ಕಾಯಿದೆಗೆ 136-ಎ ಎಂಬ ಕಲಮು ಸೇರಿತು. ವಿದ್ಯುನ್ಮಾನ ಸಾಧನಗಳ ಮೂಲಕ ರಸ್ತೆಯ ಮೇಲೆ ನಿಗಾ ಇಡಲು ಅದು ಅವಕಾಶ ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಹೆಲ್ಮೆಟ್ ಇಲ್ಲದವರನ್ನು ಬೆನ್ನಟ್ಟಿ, ಅಡ್ಡಗಟ್ಟಿ ಹಿಡಿಯುವ ಬದಲು ಕ್ಯಾಮರಾಗಳಂಥ ಸಾಧನಗಳನ್ನು ಬಳಸಬೇಕೆಂದು ಹೇಳಿತು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮದಲ್ಲಿ ವೇಗ ಅಳೆಯುವ ಕ್ಯಾಮರಾ, ಪೊಲೀಸರ ಮೈಮೇಲಿನ ಕ್ಯಾಮರಾ ಮುಂತಾದವುಗಳ ಹೆಸರಿದ್ದವು. ನಿಗಾ ಇರುವ ರಸ್ತೆಗೆ ಮೊದಲು ಎಚ್ಚರಿಕೆಯ ಫಲಕ ಹಾಕಬೇಕು, ತಪ್ಪು ನಡೆದ 15 ದಿನಗಳ ಒಳಗೆ ನೋಟಿಸ್ ಕಳಿಸಬೇಕು ಎಂದೂ ಅದರಲ್ಲಿತ್ತು.

ಎಚ್ಚರಿಕೆಯ ಫಲಕದ ಮಾತನ್ನು ಗಮನಿಸಿ. ಯಂತ್ರಕ್ಕೂ ಕಾನೂನು ಒಂದು ಬಗೆಯ ಸಮವಸ್ತ್ರ ತೊಡಿಸಿದೆ. "ಇಲ್ಲಿ ನಿನ್ನನ್ನು ನೋಡಲಾಗುತ್ತಿದೆ" ಎಂದು ಮೊದಲೇ ಹೇಳಿ ನೋಡುವುದು ಅದರ ರೀತಿ. ಬರಿಯ ಹಿಡಿಯುವುದಕ್ಕಿಂತ ತಪ್ಪು ನಡೆಯದಂತೆ ಮಾಡುವುದು ಇದರ ಉದ್ದೇಶ.

ವಂಚಕರು ಇಲ್ಲಿಗೂ ಬಂದಿದ್ದಾರೆ. "ನಿಮ್ಮ ಗಾಡಿಯ ಮೇಲೆ ದಂಡ ಬಿದ್ದಿದೆ, ಈ ಕಡತ ತೆರೆಯಿರಿ" ಎಂದು ಮೊಬೈಲಿಗೆ ಸಂದೇಶ ಕಳಿಸಿ ಬ್ಯಾಂಕಿನ ಹಣ ದೋಚುತ್ತಾರೆ. ರಸ್ತೆಯ ಮೇಲಿನ ನಕಲಿ ಪೊಲೀಸನಿಗೂ ಇವರಿಗೂ ವ್ಯತ್ಯಾಸವಿಲ್ಲ. ದಂಡ ಇದೆಯೋ ಇಲ್ಲವೋ ಎಂಬುದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಸರ್ಕಾರದ ಅಧಿಕೃತ ತಾಣದಲ್ಲಿ ಗಾಡಿಯ ಸಂಖ್ಯೆ ಕೊಟ್ಟು ನೀವೇ ತಿಳಿದುಕೊಳ್ಳಿ. ಬಂದ ಸಂದೇಶದ ಬೆನ್ನು ಹತ್ತಬೇಡಿ.

ನೀವು ಏನು ಮಾಡಬೇಕು?

ಸಾದಾ ಉಡುಪಿನವರು ಕೈ ತೋರಿಸಿದರೆ ವೇಗ ತಗ್ಗಿಸಿ. ಅಪಘಾತವೋ, ದಟ್ಟಣೆಯೋ ಇದ್ದು ಅವರು ಸಂಚಾರ ಸರಿಪಡಿಸುತ್ತಿದ್ದರೆ ಅವರ ಮಾತು ಕೇಳಿ. ಲೈಸೆನ್ಸ್ ಕೇಳಿದರೆ, ಜನರಿರುವ ಬೆಳಕಿನ ಜಾಗದಲ್ಲಿ ನಿಂತು, "ದಯವಿಟ್ಟು ನಿಮ್ಮ ಗುರುತಿನ ಚೀಟಿ ತೋರಿಸಿ, ಸಮವಸ್ತ್ರದಲ್ಲಿರುವ ಅಧಿಕಾರಿಗೆ ನನ್ನ ಲೈಸೆನ್ಸ್ ತೋರಿಸುತ್ತೇನೆ" ಎಂದು ವಿನಯದಿಂದ ಹೇಳಿ. ಅನುಮಾನ ಬಂದರೆ 112ಕ್ಕೆ ಕರೆ ಮಾಡಿ. ವಾದಕ್ಕೆ ಇಳಿಯಬೇಡಿ, ಓಡಿಹೋಗಲೂ ಬೇಡಿ. ಲೈಸೆನ್ಸನ್ನು ಡಿಜಿಲಾಕರ್‌ನಲ್ಲಿ ಇಟ್ಟುಕೊಂಡು ತೋರಿಸಿದರೂ 2018ರ ನಿಯಮ ತಿದ್ದುಪಡಿಯಂತೆ ಅದಕ್ಕೆ ಮಾನ್ಯತೆ ಇದೆ. ದಂಡ ಕಟ್ಟಿದರೆ ರಸೀದಿ ಪಡೆಯಿರಿ.

ಈ ಹಕ್ಕಿನ ಜೊತೆಗೆ ಒಂದು ಹೊಣೆಯೂ ಇದೆ. 18 ತುಂಬುವವರೆಗೆ ಸಾಮಾನ್ಯ ಬೈಕು, ಕಾರು ಓಡಿಸುವಂತಿಲ್ಲ. 16 ತುಂಬಿದವರು ಓಡಿಸಬಹುದಾದದ್ದು 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರ ವಾಹನವನ್ನು ಮಾತ್ರ, ಅದೂ ಲೈಸೆನ್ಸ್ ಪಡೆದ ಮೇಲೆ. ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ 2019ರ ತಿದ್ದುಪಡಿಯ 199-ಎ ಕಲಮಿನಂತೆ ತಂದೆತಾಯಿ ಅಥವಾ ವಾಹನದ ಒಡೆಯರು ಹೊಣೆ. 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆವಾಸ, ವಾಹನದ ನೋಂದಣಿ 12 ತಿಂಗಳು ರದ್ದು. ಹಾಗೆ ಓಡಿಸಿದ ಹುಡುಗನಿಗೋ ಹುಡುಗಿಗೋ 25 ವರ್ಷದವರೆಗೆ ಲೈಸೆನ್ಸ್ ಸಿಗದು. ಕಾಲೇಜಿಗೆ ಹೋಗುವ ನಿಮ್ಮ ಆತುರಕ್ಕೆ ಹೊಲದಲ್ಲಿ ದುಡಿಯುವ ಅಪ್ಪ ಬೆಲೆ ತೆರಬೇಕಾಗುತ್ತದೆ.

ಹಾಗೆಯೇ ಕಾನೂನು ಪೊಲೀಸರನ್ನೂ ಬಿಟ್ಟಿಲ್ಲ. 210-ಬಿ ಕಲಮಿನಂತೆ, ಈ ಕಾಯಿದೆಯನ್ನು ಜಾರಿ ಮಾಡುವ ಅಧಿಕಾರ ಉಳ್ಳವರೇ ತಪ್ಪು ಮಾಡಿದರೆ ಅವರಿಗೆ ಎರಡು ಪಟ್ಟು ದಂಡ. ಹೆಲ್ಮೆಟ್ ಇಲ್ಲದೆ ಬೈಕು ಓಡಿಸುವ ಪೇದೆಗೂ ಇದು ಅನ್ವಯಿಸುತ್ತದೆ.

ಸಾದಾ ಉಡುಪಿನ ಪೊಲೀಸರು ನೋಡಲಿ, ಗುರುತು ಹಾಕಿಕೊಳ್ಳಲಿ, ತಿಳಿಸಲಿ. ತಡೆಯುವವರು, ಕೇಳುವವರು, ದಂಡ ಹಾಕುವವರು ಹೆಸರಿನ ಪಟ್ಟಿ ಧರಿಸಿ ಎದುರಿಗೆ ನಿಲ್ಲಲಿ. ಈ ಎರಡನ್ನು ಬೇರೆಬೇರೆಯಾಗಿ ಇಟ್ಟಷ್ಟು ದಿನ ನಿಯಮ ಪಾಲಿಸುವವರಿಗೆ ಭಯವಿಲ್ಲ, ಮುರಿಯುವವರಿಗೆ ನೆಮ್ಮದಿಯಿಲ್ಲ. ಚುಂಚನೂರಿನ ಆ ಮರದ ಬಳಿ ಅಂದು ಖಾಕಿಯಾಗಲಿ ಮಫ್ತಿಯಾಗಲಿ ಇರಲಿಲ್ಲ. ರಸ್ತೆಯ ಬಹುಪಾಲು ಹಾಗೆಯೇ ಇರುತ್ತದೆ. ಅಲ್ಲಿ ನಿಯಮವನ್ನು ಕಾಯಬೇಕಾದವರು ಗಾಡಿ ಓಡಿಸುವವರು ಮತ್ತು ಅದನ್ನು ಏರುವವರು.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಲೈಸೆನ್ಸ್ ಕೇಳಲು ಸಮವಸ್ತ್ರ ಬೇಕು, ಸಂಚಾರ ನಿಯಂತ್ರಿಸಲು ಬೇಕೆಂದಿಲ್ಲ. ಕಾಯಿದೆ ಹೀಗೆ ಭೇದ ಮಾಡಿದ್ದು ಏಕೆ?

2. ಎದುರಿನ ಸವಾರರಿಗೆ "ಮುಂದೆ ಚೆಕಿಂಗ್ ಇದೆ" ಎಂದು ಸನ್ನೆ ಮಾಡುವುದು ಉಪಕಾರವೋ ಅಪಕಾರವೋ?

3. ಯಲ್ಲಮ್ಮನ ಜಾತ್ರೆಯ ದಿನಗಳಲ್ಲಿ ನಿಮ್ಮ ಊರಿನಿಂದ ಜನ ಯಾವ ವಾಹನಗಳಲ್ಲಿ ಹೋಗುತ್ತಾರೆ? ಸರಕಿನ ವಾಹನಕ್ಕೆ ಬದಲಾಗಿ ಏನು ಏರ್ಪಾಡು ಮಾಡಬಹುದು? ಗ್ರಾಮ ಪಂಚಾಯಿತಿಯವರೊಂದಿಗೆ ಮಾತನಾಡಿ.

4. ನಿಮ್ಮ ಶಾಲೆ ಅಥವಾ ಕಾಲೇಜಿನ ಎದುರು ಒಂದು ಗಂಟೆ ನಿಂತು ಹೆಲ್ಮೆಟ್ ಧರಿಸಿದವರು ಎಷ್ಟು ಜನ, ಧರಿಸದವರು ಎಷ್ಟು ಜನ ಎಂದು ಎಣಿಸಿ. ಪೊಲೀಸರು ಅಲ್ಲಿ ನಿಂತ ದಿನ ಮತ್ತೊಮ್ಮೆ ಎಣಿಸಿ ಹೋಲಿಸಿ ನೋಡಿ.